ಖಣಿ ಖಾನಾವಳಿಯ ಶಿವಕಾಂತಮ್ಮ

ಶಹಾಬಾದದಲ್ಲಿ ಒಳ್ಳೆಯ ಊಟ ಬೇಕಾದರೆ ಮೆಟ್ಟಿಲು ಹತ್ತುವುದಲ್ಲ, ಇಳಿಯಬೇಕಿತ್ತು. ಈ ಮಾತು ಕೇಳಿದರೆ ಹೊರಗಿನವರು ನಗುತ್ತಾರೆ. ನಗಲಿ. ಏಪ್ರಿಲ್ ತಿಂಗಳ ಮಧ್ಯಾಹ್ನ ನಮ್ಮೂರ ಬಸ್‌ಸ್ಟ್ಯಾಂಡಿನಲ್ಲಿ ಸ್ವಲ್ಪ ಹೊತ್ತು ನಿಂತು, ಆಮೇಲೆ ನಗಲಿ. ಡಾಂಬರು ಚಪ್ಪಲಿಗೆ ಅಂಟುವ ಅಂಥ ಹೊತ್ತಿನಲ್ಲಿ ಊರ ಹೊರಗಿನ ಹಳೆಯ ಖಣಿಯೊಂದಕ್ಕೆ ಇಳಿದು, ತಣ್ಣನೆಯ ಕಲ್ಲಿನ ಮೇಲೆ ಕೂತು, ತಣ್ಣನೆಯ ಕಲ್ಲಿಗೇ ಬೆನ್ನು ಕೊಟ್ಟು, ಜೋಳದ ರೊಟ್ಟಿ ಪುಂಡಿಪಲ್ಯ ತಿಂದವರಿಗೆ ಮಾತ್ರ ನನ್ನ ಸಿಟ್ಟು ಅರ್ಥವಾಗುತ್ತದೆ. ಉಳಿದವರಿಗಾಗಿ ಕಥೆಯನ್ನು ಮೊದಲಿನಿಂದ ಹೇಳುತ್ತೇನೆ.

ಖಣಿ ಎಂದರೆ ಮನೆಯ ನೆಲಕ್ಕೆ ಹಾಸುವ ಫರಸಿ ಕಲ್ಲು ತೆಗೆದು ಬಿಟ್ಟ ಗುಂಡಿ. ನಮ್ಮ ಸೀಮೆಯ ನೆಲದೊಳಗೆ ಫರಸಿ ರೊಟ್ಟಿಯ ಅಟ್ಟಿಯ ಹಾಗೆ ಪದರಪದರವಾಗಿ ಕೂತಿದೆ. ವಾಡಿ, ಚಿತ್ತಾಪುರ, ಸೇಡಂ, ಎತ್ತ ಹೋದರೂ ಅದೇ ಕಲ್ಲು. ಪದರ ಮುಗಿದ ಮೇಲೆ ಖಣಿಯನ್ನು ಹಾಗೇ ಬಿಟ್ಟು ಹೋಗುತ್ತಾರೆ. ಅಂಥ ಒಂದು ಖಣಿಯಲ್ಲಿ ಶಿವಕಾಂತಮ್ಮ ಖಾನಾವಳಿ ನಡೆಸುತ್ತಿದ್ದಳು. ಅದಕ್ಕೆ ಬೋರ್ಡು ಇರಲಿಲ್ಲ. ಜನ ಖಣಿ ಖಾನಾವಳಿ ಎನ್ನುತ್ತಿದ್ದರು.

ನಾನು ಗುರುರಾಜ, ಇಲ್ಲಿಯ ಹೈಸ್ಕೂಲು ಮಾಸ್ತರ. ನಮ್ಮದು ವೈಷ್ಣವರ ಮನೆ. ಹೊರಗೆ ಉಂಡು ಬಂದವನನ್ನು ನಮ್ಮ ಅವ್ವ ಜಾನಕೀಬಾಯಿ ಇವತ್ತಿಗೂ ಕಳ್ಳನನ್ನು ನೋಡಿದ ಹಾಗೆ ನೋಡುತ್ತಾಳೆ. ಖಣಿಗೆ ಹೋಗಿ ಬಂದ ದಿನ ಅಂಗಿಯ ಉಳ್ಳಾಗಡ್ಡಿ ವಾಸನೆ ಹೋಗುವ ತನಕ ನಾನು ಕಟ್ಟೆಯ ಮೇಲೆ ಕೂತು ಓದಿದ ಪೇಪರನ್ನೇ ಮತ್ತೆ ಓದಬೇಕು. ಹೆಂಡತಿ ವಂದನಾ ನನಗೆ 'ಖಣಿ ಮಾಸ್ತರ' ಎಂದು ಹೆಸರಿಟ್ಟಿದ್ದಳು. ಮುಂದೆ ಶಾಲೆಯ ಹುಡುಗರೂ ಅದನ್ನೇ ಹಿಡಿದರು. ನನಗೇನೂ ಬೇಜಾರಿರಲಿಲ್ಲ.

ಶಿವಕಾಂತಮ್ಮ ದಂಡೋತಿಯವಳು, ಕಾಗಿಣಾ ನದಿಯ ದಂಡೆಯ ಒಕ್ಕಲು ಮನೆತನದ ಮಗಳು. ಎಮ್ಮೆ ಮೇಯಿಸಿ, ಹೊಳೆಯಲ್ಲಿ ಈಜಿ ಬೆಳೆದ ಹೆಣ್ಣು, ಮದುವೆಯಾಗಿ ಬಂದದ್ದು ಕಲ್ಲಿನ ಊರಿಗೆ. ಗಂಡ ದೇವಿಂದ್ರಪ್ಪ ಇದೇ ಖಣಿಯಲ್ಲಿ ಫರಸಿ ಎಬ್ಬಿಸುವವನು. ಪದರದ ಸಂದಿಗೆ ಉಳಿ ಇಟ್ಟು ಹೊಡೆದರೆ ಮಂಚದಗಲದ ಹಾಸು ಬಿರುಕಿಲ್ಲದೆ ಏಳುತ್ತಿತ್ತಂತೆ. ಶಿವಕಾಂತಮ್ಮ ಅಲ್ಲಿಯೇ ಬುಟ್ಟಿಯಲ್ಲಿ ಕಲ್ಲಿನ ಚೂರು ಹೊತ್ತಳು. ಮನೆಮನೆಗೆ ಹೊಳೆಯುವ ಟೈಲ್ಸ್ ಬಂದ ಮೇಲೆ ಫರಸಿ ಕೇಳುವವರು ಕಡಿಮೆಯಾದರು, ಸಣ್ಣ ಖಣಿಗಳು ಒಂದೊಂದಾಗಿ ನಿಂತವು, ಇದೂ ನಿಂತಿತು.

ಖಣಿ ನಿಂತರೂ ಕಲ್ಲಿನ ಜನರ ರೂಢಿ ನಿಲ್ಲಲಿಲ್ಲ. ಬೇರೆ ಕಡೆ ಕೆಲಸಕ್ಕೆ ಹೋದವರೂ ಉಣ್ಣುವ ಹೊತ್ತಿಗೆ ಬುತ್ತಿ ಹಿಡಿದುಕೊಂಡು ಈ ನೆರಳಿಗೇ ಬರುತ್ತಿದ್ದರು. ಬುತ್ತಿ ತರದವರಿಗೆ ಶಿವಕಾಂತಮ್ಮ ಎರಡು ರೊಟ್ಟಿ ಹೆಚ್ಚು ಬಡಿದಳು. ಹಾಗೆ ಒಲೆ ಹತ್ತಿತು. ಖಣಿಯ ಮಾಲೀಕ ಮುದುಕ, "ನಿಮ್ದೇ ಅಂತ ತಿಳಕೊಂಡು ಇರ್ರಿ, ಯಾರು ಕೇಳ್ತಾರ ಈ ಗುಂಡಿ" ಎಂದ. ಮಾತು ಮಾತಾಗಿಯೇ ಉಳಿಯಿತು, ಕಾಗದಕ್ಕೆ ಬರಲಿಲ್ಲ. ದೇವಿಂದ್ರಪ್ಪ ಬಿಸಾಡಿದ ಚಪ್ಪಡಿಗಳನ್ನು ಆರಿಸಿ ಆರಿಸಿ ಮೇಜು ಮಾಡಿದ, ಬಂಡೆಯಲ್ಲೇ ಆಸನ ಕೊರೆದ, ನೀರಿನ ಕೊಡ ಇಡಲು ಗೋಡೆಯಲ್ಲಿ ಗೂಡು ಕೊರೆದ. ಉಣ್ಣುವ ತಾಟುಗಳೂ ಕಲ್ಲಿನವೇ. ತೆಳ್ಳಗಿನ ಫರಸಿಯನ್ನು ದುಂಡಗೆ ಕಡಿದು, ಅಂಚು ಉಜ್ಜಿ ನುಣುಪು ಮಾಡಿದವು. ಅದರ ಮೇಲೆ ಬಿಸಿ ರೊಟ್ಟಿ, ಪುಂಡಿಪಲ್ಯ, ಹಿಂಡಿ ಎನ್ನುವ ಶೇಂಗಾ ಖಾರಪುಡಿ, ಒಂದು ಹಸಿ ಉಳ್ಳಾಗಡ್ಡಿ. ದೇವಿಂದ್ರಪ್ಪ ಹೋಗಿ ಕೆಲವು ವರ್ಷಗಳಾದವು. ಎದೆನೋವು ಬಂದು ಹೋದ. ಆದರೆ ಅವನ ಕೈಯ ಮೇಜಿನ ಮೇಲೆ ಉಣ್ಣುವುದು ನಿಲ್ಲಲಿಲ್ಲ. ಆಮೇಲೆ ಶಿವಕಾಂತಮ್ಮನ ಜೊತೆ ಒಲೆಯ ಮುಂದೆ ಕೂತವಳು ಬಿಬಿಜಾನ್. ಅವಳ ಗಂಡ ಶೌಕತ ಅಲಿ ಹಿಂದೆ ಇದೇ ಖಣಿಯಲ್ಲಿ ಹಾಸುಗಲ್ಲು ಎತ್ತುತ್ತಿದ್ದವನು, ಈಗ ಟಿಪ್ಪರ್ ಓಡಿಸುತ್ತಾನೆ.

ಇನ್ನು ಖಣಿಯ ಕಾನೂನೊಂದನ್ನು ಹೇಳಬೇಕು. ಮೆಟ್ಟಿಲ ತುದಿಯಲ್ಲಿ ಕಂಬಕ್ಕೆ ರೈಲು ಹಳಿಯ ತುಂಡೊಂದನ್ನು ತೂಗುಬಿಟ್ಟಿದ್ದರು. ಕೆಲಸ ನಡೆಯುವ ಕಾಲದಲ್ಲಿ ಆಳುಗಳು ಕೆಳಗೆ ಉಣ್ಣಲು ಕೂತಾಗ ಸುತ್ತಿಗೆಯಿಂದ ಅದಕ್ಕೆ ಒಂದು ಪೆಟ್ಟು, ಉಂಡು ಎದ್ದ ಮೇಲೆ ಎರಡು. ಈ ಎರಡರ ನಡುವೆ ಮೇಲಿನವರು ಒಂದು ಬೆಣಚುಕಲ್ಲು ಕೂಡ ಸರಿಸುವಂತಿಲ್ಲ. ಯಾವ ಕಾಲದಲ್ಲೋ ಉಣ್ಣುತ್ತಿದ್ದವರ ಮೇಲೆ ಕಲ್ಲು ಜಾರಿತ್ತಂತೆ. ಅಂದಿನಿಂದ, ಕೆಳಗೆ ತುತ್ತು ಇರುವ ತನಕ ಮೇಲೆ ಕಲ್ಲು ಅಲುಗಬಾರದು. ಜಗಳವಾಡಿ ಮಾತು ಬಿಟ್ಟವರೂ, ಕುಡಿದು ಬಂದವರೂ ಇದನ್ನು ಮೀರಿದ್ದಿಲ್ಲ. ಶಿವಕಾಂತಮ್ಮ ಖಾನಾವಳಿಯಲ್ಲೂ ಅದನ್ನೇ ನಡೆಸಿದಳು. ಮೊದಲ ತಾಟು ಇಟ್ಟಾಗ ಒಂದು, ಕೊನೆಯವನು ಎದ್ದಾಗ ಎರಡು.

ಬರಬರುತ್ತ ಖಣಿ ಖಾನಾವಳಿಯ ಹೆಸರು ಹಬ್ಬಿತು. ಬೇಸಿಗೆಯಲ್ಲಿ ಸೇಡಂ, ಚಿತ್ತಾಪುರದಿಂದ ಜೀಪು ಮಾಡಿಕೊಂಡು ಬರುವವರಿದ್ದರು. ಚಿಂಚೋಳಿ ಕಡೆಯ ಮದುವೆ ದಿಬ್ಬಣಗಳು ದಾರಿ ಬಳಸಿ ಬಂದು ಉಂಡು ಹೋಗುತ್ತಿದ್ದವು. ಕಾಲೇಜು ಹುಡುಗರು ಮೊಬೈಲಿನಲ್ಲಿ ಫೋಟೋ ಹಿಡಿದು 'ಥೀಮ್ ರೆಸ್ಟೋರೆಂಟ್' ಎಂದರು. ಶಿವಕಾಂತಮ್ಮ, "ಹಂಗಂದ್ರೇನ್ರಿ ಮಾಸ್ತರ?" ಎಂದು ಕೇಳಿದಳು. ಊಟದ ಜೊತೆಗೆ ಜಾಗಕ್ಕೂ ಒಂದು ಗುಣ ಇರುವುದು ಎಂದೆ. "ಗುಣ ಇಲ್ದ ಜಗಾದಾಗ ಮಂದಿ ಹ್ಯಾಂಗ ಉಣ್ತಾರ್ರಿ?" ಎಂದಳು. ನಾನು ಮಜ್ಜಿಗೆ ಕೇಳಿದೆ.

ಗುಣ ಇಲ್ಲದ ಜಾಗದಲ್ಲಿ ಉಣ್ಣುವ ಕಾಲ ಅದಾಗಲೇ ಬಂದಿತ್ತು. ವಾಡಿಯಲ್ಲಿ ಡಬ್ಬಿ ಹೋಟೆಲ್ ಅಂತ ಇತ್ತು. ರೈಲಿನ ಹಳೆಯ ಮರದ ಬೆಂಚು ಹಾಕಿ, ಕಿಟಕಿಗೆ ಕಬ್ಬಿಣದ ಸರಳು ಹಚ್ಚಿ, ಎದುರುಬದುರು ಕೂರಿಸುತ್ತಿದ್ದರು. ಗುರುತಿಲ್ಲದವರೂ ಚಹಾ ಮುಗಿಯುವುದರೊಳಗೆ ಸಂಬಂಧಿಕರಾಗುತ್ತಿದ್ದರು. ಅದನ್ನು ಕೆಡವಿ ಮೊಬೈಲ್ ಅಂಗಡಿಗಳ ಸಾಲು ಮಾಡಿದರು. ಚಿತ್ತಾಪುರದ ಬೇವಿನ ಕೆಳಗಿನ ಬಂಡಿ ಖಾನಾವಳಿಯಲ್ಲಿ ಗಾಲಿ ಬಿಚ್ಚಿದ ಎತ್ತಿನ ಬಂಡಿಗಳ ಮೇಲೆ ಚಕ್ಕಳಮಕ್ಕಳ ಹಾಕಿ ಉಣ್ಣಬಹುದಿತ್ತು. ಬೇವೂ ಹೋಯಿತು, ಬಂಡಿಯೂ ಹೋಯಿತು. ಕುಂಚಾವರಂ ಕಾಡಿನ ದಾರಿಯಲ್ಲಿ ತೆಲುಗು ಮಾತಾಡುವ ಅಜ್ಜಿಯೊಬ್ಬಳು ಮುತ್ತುಗದ ಎಲೆಯ ಗುಡಿಸಲಲ್ಲಿ ಮುತ್ತುಗದ ಎಲೆಯ ಮೇಲೆಯೇ ಬಡಿಸುತ್ತಿದ್ದಳು. ಈಗ ಅಲ್ಲಿ ನಿಂತರೆ ಗಾಜಿನ ಬಾಗಿಲು, ಕೆಂಪು ಕುರ್ಚಿ, ಗೋಬಿ ಮಂಚೂರಿ. ಸೇಡಂನಲ್ಲೂ ಅದೇ ಕುರ್ಚಿ, ಅದೇ ಗೋಬಿ. ಕಣ್ಣು ಕಟ್ಟಿ ಕೂರಿಸಿದರೆ ಯಾವ ಊರಲ್ಲಿದ್ದೇನೆ ಎಂದು ದೇವರಾಣೆ ಹೇಳಲಾಗದು. ಇದಕ್ಕೆ ಅಭಿವೃದ್ಧಿ ಎನ್ನುತ್ತಾರೆ. ನಾನು ಹಾಳು ಎನ್ನುತ್ತೇನೆ.

ನಮ್ಮ ಖಣಿಯ ಬಾಗಿಲಿಗೆ ಅಭಿವೃದ್ಧಿ ಬಂದದ್ದು ಭೀಮಾಶಂಕರನ ರೂಪದಲ್ಲಿ. ಲೇಔಟು ಮಾಡಿ, ಕಾಂಪ್ಲೆಕ್ಸು ಕಟ್ಟಿ ಕೈ ಪಳಗಿದವನು. ವಯಸ್ಸು ಮೂವತ್ತೈದರ ಆಸುಪಾಸು, ಮಾತು ಬೆಣ್ಣೆ. ಮಾಲೀಕ ಮುದುಕ ತೀರಿದ ಮೇಲೆ ಅವನ ಮೊಮ್ಮಕ್ಕಳಿಂದ ಆ ಜಾಗ ಕೊಂಡಿದ್ದ. ಅವನೇನು ರಾಕ್ಷಸನಲ್ಲ. ಅದೇ ಖಣಿಯಲ್ಲಿ ಎಷ್ಟೋ ಸಲ ಉಂಡು, ಕೈ ನೆಕ್ಕಿ ಹೋದವನೇ. ಒಂದು ಮಧ್ಯಾಹ್ನ ಇಳಿದು ಬಂದು ಶಿವಕಾಂತಮ್ಮನ ಮುಂದೆ ಕೂತ. ನಾನೂ ಪಕ್ಕದ ಕಲ್ಲಿನ ಮೇಲೆ ಉಣ್ಣುತ್ತಿದ್ದೆ.

"ಕಾಕಿ, ಈ ಗುಂಡಿ ಮುಚ್ಚಿ ಲೆವಲ್ ಮಾಡ್ಬೇಕಂತ ಮಾಡೀನಿ" ಎಂದ. "ಮ್ಯಾಲ ದೊಡ್ಡ ಪ್ಲಾಜಾ ಬರ್ತದ. ಅದರಾಗ ಫುಡ್ ಕೋರ್ಟ್. ನಿಮಗ ಒಂದು ಕೌಂಟರ್ ಕೊಡ್ತೀನಿ. ಖಣಿ ಥೀಮ್ ಹಂಗೇ ಇಡ್ತೀವಿ, ಚಿಂತಿ ಮಾಡಬ್ಯಾಡ್ರಿ. ಗ್ವಾಡಿಗಿ ಕಲ್ಲಿನ ಡಿಸೈನ್ ಶೀಟ್ ಹಚ್ಚತೀವಿ, ಎಸಿ ಹಾಕ್ತೀವಿ."

ಶಿವಕಾಂತಮ್ಮ ರೊಟ್ಟಿ ಮಗುಚುವುದನ್ನು ನಿಲ್ಲಿಸಲಿಲ್ಲ. "ಖಣಿ ಮುಚ್ಚಿ, ಮ್ಯಾಲ ಖಣಿ ಮಾಡ್ತಿ?"

"ಹಂಗಂತ ಅಲ್ಲ ಕಾಕಿ..."

"ಕಲ್ಲು ತಗದು ಕಲ್ಲಿನ ಚಿತ್ರ ಹಚ್ಚತಿ. ಎಸಿ ಯಾಕಪ್ಪಾ? ಈಗೇನು ನಿನಗ ಶೆಕಿ ಆಗಾಕತ್ತದೇನು?"

ಭೀಮಾಶಂಕರ ಮೇಲೆ ನೋಡಿದ. ಖಣಿಯ ಅಂಚಿನ ಆಚೆ ಬಿಸಿಲು ಕುಣಿಯುತ್ತಿತ್ತು, ಒಳಗೆ ಅವನ ಹಣೆಯ ಬೆವರು ಆರಿತ್ತು. ನಕ್ಕುಬಿಟ್ಟ. "ಖರೇ ಹೇಳ್ತೀನಿ ಕಾಕಿ, ನಿಮ್ಮ ಊಟಕ್ಕ ಜೋಡಿಲ್ಲ. ಆದ್ರ ಇಷ್ಟು ದೊಡ್ಡ ಜಗಾದಾಗ ಒಂದೇ ಒಲಿ ಇಟ್ರ ಲಾಭ ಎಲ್ಲಿಂದ ಬರ್ಬೇಕು?"

"ಲಾಭದ ಮಾತು ನಿಂದು. ಒಲಿ ಮಾತು ನಂದು. ನಾ ನಿನ್ನ ಕೌಂಟರಿಗಿ ಬರಂಗಿಲ್ಲ, ಇಲ್ಲಿಂದ ಏಳಂಗಿಲ್ಲ. ಈಗ ಉಂಡು ಹೋಗು, ಹಸಿದು ಬಂದಿ."

ಅವನು ಉಂಡ. ಹಿಂಡಿ ಎರಡನೇ ಸಲ ಹಾಕಿಸಿಕೊಂಡ. ಕೈ ತೊಳೆದು, ಯುಗಾದಿ ಆದ ಮೇಲೆ ಮಣ್ಣು ಸುರಿಯಲು ಗಾಡಿಗಳು ಬರುತ್ತವೆ ಎಂದು ಮೆಲ್ಲಗೆ ಹೇಳಿ ಮೆಟ್ಟಿಲು ಹತ್ತಿದ.

ನಾನು ಸುಮ್ಮನಿರಲಿಲ್ಲ. ವಕೀಲರನ್ನು ಕಂಡೆ, ಕಚೇರಿಗೆ ಹೋದೆ, ಊರ ಹಿರಿಯರ ಮನೆ ಬಾಗಿಲು ತಟ್ಟಿದೆ. ಎಲ್ಲರೂ ಒಂದೇ ಮಾತು: ಜಾಗ ಅವನದು, ಕೊಂಡದ್ದು ಸರಿಯಾಗಿಯೇ ಇದೆ, ಮುದುಕ ಬಾಯಲ್ಲಿ ಹೇಳಿದ್ದಕ್ಕೆ ಯಾರೂ ಜವಾಬು ಕೊಡಬೇಕಿಲ್ಲ. ಕಾನೂನು ಹಾಗಿದ್ದರೆ ಇರಲಿ. ಒಬ್ಬ ಹೆಣ್ಣುಮಗಳು ಅರ್ಧ ಆಯುಷ್ಯ ಸುರಿದು ಜೀವ ತುಂಬಿದ ಜಾಗ, ಗುಂಡಿ ಎನ್ನುವ ಒಂದೇ ಮಾತಿನಲ್ಲಿ ಮುಗಿದುಹೋಗುತ್ತದೆ ಎನ್ನುವುದನ್ನು ನಾನು ಒಪ್ಪಲಿಲ್ಲ. ಇವತ್ತಿಗೂ ಒಪ್ಪುವುದಿಲ್ಲ.

ಯುಗಾದಿಯ ಬೇವು ಬೆಲ್ಲ ಮುಗಿಯಿತು. ಒಂದು ಭಾನುವಾರ ನಾನು ಖಣಿಯಲ್ಲಿರುವಾಗಲೇ ಟಿಪ್ಪರ್‌ಗಳು ಬಂದವು. ಮಣ್ಣು, ಒಡೆದ ಕಲ್ಲು ತುಂಬಿಕೊಂಡು ಸಾಲಾಗಿ ಅಂಚಿಗೆ ನಿಂತವು. ಮೊದಲ ಗಾಡಿಯಲ್ಲಿ ಶೌಕತ ಅಲಿ. ಅವನ ಹೆಂಡತಿ ಕೆಳಗೆ ರೊಟ್ಟಿ ಬಡಿಯುತ್ತಿದ್ದಳು. ಭೀಮಾಶಂಕರ ಕಾರಿನಿಂದ ಇಳಿದು, ಹಿಂದೆ ತಗೋ, ಇಲ್ಲಿ ಸುರಿ ಎಂದು ಕೈ ಮಾಡತೊಡಗಿದ.

ಶಿವಕಾಂತಮ್ಮ ನನ್ನ ಮುಂದೆ ತಾಟು ಇಟ್ಟಳು. ಸೆರಗು ಬಿಗಿದು ಮೆಟ್ಟಿಲು ಹತ್ತಿದಳು. ಸುತ್ತಿಗೆ ಎತ್ತಿ ಹಳಿಗೆ ಒಂದು ಪೆಟ್ಟು ಹೊಡೆದಳು. ಮತ್ತೆ ಇಳಿದು ಬಂದು ಪುಂಡಿಪಲ್ಯ ಬಡಿಸಿದಳು.

ಮೇಲೆ ಶೌಕತನ ಗಾಡಿ ನಿಂತಿತು. ಅವನು ಇಳಿದು, ಟೈರಿನ ನೆರಳಿಗೆ ಕುಕ್ಕರಗಾಲಲ್ಲಿ ಕೂತು ಬೀಡಿ ಹಚ್ಚಿದ. ಹಿಂದಿನ ಗಾಡಿಗಳೂ ನಿಂತವು.

"ಯಾಕ ನಿಲ್ಲಿಸಿದಿ?" ಭೀಮಾಶಂಕರನ ದನಿ ಕೆಳಗಿನ ತನಕ ಕೇಳಿತು.

"ಕೆಳಗ ಉಣ್ಣಾಕತ್ತಾರ್ರಿ."

"ಆ ಕಡಿ ಮೂಲ್ಯಾಗ ಸುರಿ. ಉಣ್ಣೋರು ಈ ಕಡಿ ಅದಾರಲ್ಲ."

"ಆಗಂಗಿಲ್ರಿ. ಪೆಟ್ಟು ಬಿದ್ದದ. ಎದ್ದ ಮ್ಯಾಲಿನ ಎರಡು ಪೆಟ್ಟು ಬೀಳೂ ತನಕ ಒಂದು ಹರಳ ಸುದ್ದಾ ಉಳ್ಳಂಗಿಲ್ಲ."

ಭೀಮಾಶಂಕರ ಬೇರೆ ಚಾಲಕರನ್ನು ನೋಡಿದ. ಅವರು ಎತ್ತಲೋ ನೋಡುತ್ತಿದ್ದರು. ಅವನು ಮಾಡಿದ ಒಂದೇ ತಪ್ಪೆಂದರೆ, ಗಾಡಿ ತರುವಾಗ ಗಾಡಿ ಓಡಿಸುವವರು ಯಾರ ಮಕ್ಕಳು ಎಂದು ಯೋಚಿಸದೇ ಇದ್ದದ್ದು. ಆಮೇಲೆ ಸೇಡಂ ಕಡೆಯಿಂದ ಬೇರೆ ಗಾಡಿ ತರಿಸಿದ. ಆ ಚಾಲಕರೂ ಸುರಿಯಲಿಲ್ಲ, ಅವರ ಅಪ್ಪಂದಿರೂ ಫರಸಿ ಹೊತ್ತವರೇ. ಫರಸಿಯ ಅನ್ನ ಉಣ್ಣದ ಚಾಲಕರು ಬೇಕಾದರೆ ಅವನು ಸಮುದ್ರದ ದಂಡೆಗೆ ಹೋಗಬೇಕಿತ್ತು.

ಸುದ್ದಿ ಹಬ್ಬಲು ಎಷ್ಟು ಹೊತ್ತು ಬೇಕು? ಮರುದಿನ ವಾಡಿಯಿಂದ ಜನ ಬಂದರು, ಅದರ ಮರುದಿನ ಚಿತ್ತಾಪುರದಿಂದ. ಕೊನೆಯವನು ಏಳುವ ಮೊದಲೇ ಮತ್ತೊಬ್ಬ ಕೂರಬೇಕು, ಖಣಿಯಲ್ಲಿ ತುತ್ತು ತಪ್ಪಬಾರದು ಎಂದು ನಾವು ಪಾಳಿ ಮಾಡಿದೆವು. ಕತ್ತಲಾಗುವ ಹೊತ್ತಿಗೆ ಗಾಡಿಗಳೇ ಹಿಂತಿರುಗುತ್ತಿದ್ದವು, ಆಗ ನಾವೂ ಮನೆಗೆ. ಡಬ್ಬಿ ಹೋಟೆಲಿನಲ್ಲಿ ಚಹಾ ಕುಡಿದು ಬೆಳೆದವರು, ಬಂಡಿ ಖಾನಾವಳಿಯ ಬೇವಿಗಾಗಿ ಇನ್ನೂ ಕೊರಗುವವರು, ಆಗ ಸುಮ್ಮನಿದ್ದದ್ದಕ್ಕೆ ಈಗ ಸೇಡು ತೀರಿಸಿಕೊಳ್ಳುವವರಂತೆ ಉಂಡರು. ಟಿಪ್ಪರ್ ಚಾಲಕರೂ ಪಾಳಿ ಹಚ್ಚಿ ಇಳಿದು ಬಂದು ಉಂಡು ಹೋಗುತ್ತಿದ್ದರು. ಭೀಮಾಶಂಕರ ಕಾರಿನಲ್ಲಿ ಎಸಿ ಹಾಕಿಕೊಂಡು ಕೂತು ಡೀಸೆಲ್ ಸುಡುತ್ತಿದ್ದ. ನನಗೆ ಅಂಥ ಖುಷಿಯ ವಾರ ಜೀವನದಲ್ಲಿ ಬಂದದ್ದು ಕಡಿಮೆ. ಅವ್ವನಿಗೂ ಹೇಳಿಬಿಟ್ಟೆ, ಖಣಿಯಲ್ಲಿ ಉಣ್ಣುತ್ತಿದ್ದೇನೆ, ಉಳ್ಳಾಗಡ್ಡಿಯನ್ನೂ ಉಣ್ಣುತ್ತೇನೆ ಎಂದು.

ಆದರೆ ಹೊಟ್ಟೆಗೂ ಒಂದು ಮಿತಿ ಇದೆ. ದಿನ ಕಳೆದಂತೆ ಬರುವವರು ಕಡಿಮೆಯಾದರು, ಇದ್ದವರೇ ಮತ್ತೆ ಮತ್ತೆ ಕೂರಬೇಕಾಯಿತು. ಜನ ರೊಟ್ಟಿಯನ್ನು ಉಗುರಿನಷ್ಟು ಉಗುರಿನಷ್ಟು ಮುರಿದು ಬಾಯಿಗೆ ಹಾಕತೊಡಗಿದರು. ಒಬ್ಬ ಒಂದೇ ತುತ್ತನ್ನು ಎಮ್ಮೆಯ ಹಾಗೆ ಮೆಲುಕು ಹಾಕಿದ. ಮತ್ತೊಬ್ಬ ತುಂಬಿದ ತಾಟನ್ನು ಮುಂದಿಟ್ಟುಕೊಂಡು ವಿಡಿಯೋ ಮಾಡಿ, ತಾಟನ್ನು ಹಾಗೇ ಸರಿಸಿದ. ಕಲ್ಲಿನ ಸಂದಿಯಲ್ಲಿ ಅರ್ಧ ರೊಟ್ಟಿ, ಕಾಲು ರೊಟ್ಟಿ ಸಿಗತೊಡಗಿದವು. ಬಿಬಿಜಾನ್ ಅವನ್ನು ಆರಿಸಿ ತಂದು ಶಿವಕಾಂತಮ್ಮನ ಮುಂದಿಟ್ಟಳು. ಶಿವಕಾಂತಮ್ಮ ಅವುಗಳನ್ನು ನೋಡಿದಳು, ನಮ್ಮನ್ನೆಲ್ಲ ನೋಡಿದಳು. ನೆಟ್ಟಗೆ ನನ್ನ ಬಳಿಗೇ ಬಂದಳು.

"ಮಾಸ್ತರ್ರಿ, ಹಸಿವಾಗ್ಯಾದೇನು?"

"ಇಲ್ಲ ಶಿವಕಾಂತಮ್ಮ, ಮುಂಜಾನಿನೇ ಉಂಡೀನಿ. ಆದ್ರ..."

"ಮತ್ತ ಯಾಕ ಉಣ್ಣಾಕತ್ತೀರಿ?"

"ಖಣಿ ಉಳಿಸಲಿಕ್ಕೆ."

ಅವಳು ಬಗ್ಗಿ ನನ್ನ ಮುಂದಿನ ತಾಟು ಎತ್ತಿಕೊಂಡಳು. ಇಷ್ಟು ವರ್ಷಗಳಲ್ಲಿ ಅವಳು ಉಣ್ಣುತ್ತಿದ್ದವರ ಮುಂದಿನ ತಾಟು ಎತ್ತಿದ್ದನ್ನು ನಾನು ಕಂಡಿರಲಿಲ್ಲ. "ಎಲ್ಲಾರೂ ಏಳ್ರಿ" ಎಂದಳು. "ಹಸಿವಿಲ್ದೋರಿಗೆ ನಾ ಬಡಸಂಗಿಲ್ಲ."

"ಎದ್ರ ಅಂವ ಮಣ್ಣು ಸುರೀತಾನ!" ಎಂದು ನಾನು ಕೂಗಿದೆ.

"ಸುರೀಲಿ. ಹಸಿದಾಂವ ಉಣ್ಣಾಕತ್ತಾನ ಅಂತ ಮ್ಯಾಲಿನ ಕಲ್ಲು ನಿಂದ್ರತದ. ನನ್ನ ಗಂಡ ನಿಂದ್ರಿಸಿದ, ಶೌಕತ ನಿಂದ್ರಿಸ್ಯಾನ. ಹೊಟ್ಟಿ ತುಂಬಿದಾಂವ ಬಾಯಿ ಆಡಿಸಿದ್ರ ಅದು ಊಟ ಅಲ್ರಿ, ನಾಟಕ. ಮ್ಯಾಲ ಅವರು ನಿಯತ್ತಿಲೆ ನಿಂತಾರ, ಕೆಳಗ ನಾವು ಸುಳ್ಳ ಉಣ್ಣಾಕತ್ತೀವಿ. ಖಣಿ ಹೋದ್ರ ಹೋಗ್ಲಿ. ನನ್ನ ರೊಟ್ಟಿ ಕೈಲೆ ನಾ ಸುಳ್ಳ ಹೇಳಸಂಗಿಲ್ಲ."

ನನಗೆ ಅವಳ ಮೇಲೆ ಬಂದ ಸಿಟ್ಟು ಇಷ್ಟಿಷ್ಟಲ್ಲ. ಗೆಲ್ಲುವ ಆಟವನ್ನು ಕೈಯಾರೆ ಬಿಟ್ಟಳು ಎಂದು ಹಲ್ಲು ಕಡಿದೆ. ಆದರೆ ಕಾಲು ತಾನಾಗಿಯೇ ಎದ್ದಿತು. ಎಲ್ಲರೂ ಎದ್ದರು. ಶಿವಕಾಂತಮ್ಮ ಮೇಲೆ ಹೋಗಿ ಹಳಿಗೆ ಎರಡು ಪೆಟ್ಟು ಹೊಡೆದಳು, ಊರಿಗೆಲ್ಲ ಕೇಳುವ ಹಾಗೆ.

ಭೀಮಾಶಂಕರ ಕಾರಿನಿಂದ ಜಿಗಿದು ಬಂದ. "ಭಾಳ ಛಲೋ ಮಾಡಿದ್ರಿ ಕಾಕಿ! ನನಗ ಗೊತ್ತಿತ್ತು, ನೀವು ಶಾಣ್ಯಾರದೀರಿ. ಕೌಂಟರ್ ಇನ್ನೂ ಖಾಲಿನೇ ಅದ ನೋಡ್ರಿ."

"ನಿನ್ನ ಸಲುವಾಗಿ ಮಾಡಿಲ್ಲ ತಮ್ಮಾ, ಬಾಜೂಕ ಸರಿ" ಎಂದಳು. ಶೌಕತನ ಕಡೆ ತಿರುಗಿದಳು. "ಶೌಕತ, ಗಾಡ್ಯಾನ ಮಣ್ಣು ಇಲ್ಲೇ ಮ್ಯಾಲ ಬಯಲಾಗ ಸುರಿ. ಖಾಲಿ ಗಾಡಿ ಮೆಟ್ಟಿಲ ಹಂತ್ಯಾಕ ತಗೊಂಡು ಬಾ."

ಶೌಕತನಿಗೆ ಎರಡನೇ ಸಲ ಹೇಳಬೇಕಾಗಲಿಲ್ಲ. ಮಣ್ಣು ಬಯಲಿಗೆ ಬಿತ್ತು, ಗಾಡಿ ಮೆಟ್ಟಿಲ ಬಳಿ ಬಂತು. ಚಾಲಕರು ಅಂಗಿ ಕಳಚಿ ಇಳಿದರು. ದೇವಿಂದ್ರಪ್ಪ ಮಾಡಿದ ಮೇಜುಗಳನ್ನು ಹಗ್ಗ ಕಟ್ಟಿ, ತೋಳು ಕೊಟ್ಟು, ಹಳೆಯ ಕಾಲದ ಖಣಿಯ ಕೂಗು ಹಾಕುತ್ತ ಒಂದೊಂದಾಗಿ ಮೇಲೆತ್ತಿದರು. ಸುಳ್ಳು ಉಣ್ಣುತ್ತಿದ್ದ ನಾವೆಲ್ಲ ನಿಜವಾದ ಕೆಲಸಕ್ಕೆ ಬಿದ್ದೆವು. ಕಲ್ಲಿನ ತಾಟುಗಳನ್ನು ಹುಲ್ಲಿನಲ್ಲಿ ಸುತ್ತಿ ನಾನೇ ಹೊತ್ತೆ. ಅಂಗಿ ಹರಿಯಿತು, ಬೆರಳು ಜಜ್ಜಿತು.

"ಏ, ಗಾಡಿ ನಂದು! ಡೀಸೆಲ್ ನಂದು!" ಎಂದು ಭೀಮಾಶಂಕರ ಕೂಗಿದ.

ಶೌಕತ ಬೆವರು ಒರೆಸಿಕೊಂಡು ಕೈ ಮುಗಿದ. "ಮಣ್ಣು ಸುರಿ ಅಂದ್ರಿ, ಸುರಿದೀವಿ ಸಾವಕಾರ. ಈಗ ಗಾಡಿ ಖಾಲಿ ಹೋಗ್ಬೇಕು. ಖಾಲಿ ಹೋದ್ರ ನಿಮಗೇ ಲುಕ್ಸಾನ ಅಲ್ಲೇನ್ರಿ?"

ಅಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಭೀಮಾಶಂಕರನೂ ಕಡೆಗೆ ಕೈ ಚೆಲ್ಲಿದ. ಬಂಡೆಯಲ್ಲೇ ಕೊರೆದ ಆಸನಗಳು, ಕೊಡದ ಗೂಡು, ಒಲೆಯ ಮಸಿ ಹಿಡಿದ ಗೋಡೆ ಮಾತ್ರ ಅಲ್ಲೇ ಉಳಿದವು, ಅವನ್ನು ತರಲಾಗಲಿಲ್ಲ. ಶಿವಕಾಂತಮ್ಮ ಆ ಗೂಡಿನ ಮುಂದೆ ಸ್ವಲ್ಪ ಹೊತ್ತು ನಿಂತಳು. ಅತ್ತಳು. ಮುಚ್ಚಿಟ್ಟುಕೊಂಡು ಅಲ್ಲ, ಎಲ್ಲರ ಮುಂದೆಯೇ, ಗಂಡನ ಹೆಸರು ಹಿಡಿದು ಅತ್ತಳು. ಆಮೇಲೆ ಮೂಗು ಒರೆಸಿಕೊಂಡು ಗಾಡಿ ಹತ್ತಿದಳು.

ಗಾಡಿ ಹೋದದ್ದು ದಂಡೋತಿಯ ದಾರಿಗೆ. ಅಲ್ಲಿ ಉಮಾದೇವಿ ಎಂಬ ಒಕ್ಕಲಗಿತ್ತಿಯ ಹೊಲದಲ್ಲಿ ನೀರು ತುಂಬಿ, ಜಾಲಿ ಬೆಳೆದ ಖಣಿಯೊಂದಿತ್ತು. ಆಕೆಯ ಎಮ್ಮೆ ಎರಡು ಸಲ ಅದರಲ್ಲಿ ಬಿದ್ದಿತ್ತು. "ಯಾರರೆ ಇದ್ರ ನನ್ನ ಎಮ್ಮಿ ಉಳೀತಾವ, ಬರ್ರಿ" ಎಂದಳು. ಜಾಲಿ ಕಡಿದದ್ದಾಯಿತು. ಅಷ್ಟರಲ್ಲಿ ಮಳೆ ಹಿಡಿದು ಖಣಿ ಮತ್ತೆ ತುಂಬಿತು. ತಗಡಿನ ಶೆಡ್ಡು ಹಾಕಿ ಮೇಲೆಯೇ ಶುರು ಮಾಡು ಎಂದು ನಾನು ಶಿವಕಾಂತಮ್ಮನನ್ನು ಬೇಡಿಕೊಂಡೆ. ಕೇಳಲಿಲ್ಲ. ಆ ಮಳೆಗಾಲವೆಲ್ಲ ಕಂಡವರ ಹೊಲದಲ್ಲಿ ಕಳೆ ತೆಗೆದು ಹೊಟ್ಟೆ ಹೊರೆದಳು. ದೀಪಾವಳಿಗೆ ಪಂಪು ಹಚ್ಚಿ ನೀರು ಎತ್ತಿ, ಕೆಸರು ಬಳಿದು, ದೇವಿಂದ್ರಪ್ಪನ ಮೇಜು ಇಳಿಸಿ, ಒಲೆ ಹಚ್ಚಿದಳು. ಜನ ಮೊದಲಿನಷ್ಟು ಬರುವುದಿಲ್ಲ, ದೂರ. ಕೆಲವು ದಿನ ರೊಟ್ಟಿ ಉಳಿದು ಉಮಾದೇವಿಯ ಎಮ್ಮೆಗೆ ಹೋಗುತ್ತದೆ. ಸುಳ್ಳು ಯಾಕೆ ಹೇಳಲಿ?

ಭೀಮಾಶಂಕರನ ಪ್ಲಾಜಾ ಈಗ ಎದ್ದು ನಿಂತಿದೆ. ಅದರಲ್ಲಿ ಒಂದು ಹೋಟೆಲಿಗೆ 'ದಿ ಖಣಿ' ಎಂದೇ ಹೆಸರು. ನಮ್ಮ ಹೆಡ್‌ಮಾಸ್ತರರ ಮಗನ ಹುಟ್ಟುಹಬ್ಬಕ್ಕೆಂದು ಹೋಗಬೇಕಾಯಿತು. ಗೋಡೆಯ ಕಲ್ಲಿಗೆ ಉಗುರು ಒತ್ತಿದೆ, ಉಗುರು ಒಳಗೆ ಹೋಯಿತು. ಕಲ್ಲೆಂದು ತೋರಿಸಿದ್ದೆಲ್ಲ ಕಾಗದ. ಉಂಡು ಮುಗಿಯುವುದರೊಳಗೆ ಮೇಜು ಒರೆಸಲು ಬಂದು ತಲೆಯ ಮೇಲೆ ನಿಂತರು. ಎಸಿ ಇದ್ದರೂ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮೊನ್ನೆ ದಂಡೋತಿ ದಾರಿಯಲ್ಲಿ ಅಳತೆಯವರು ಕಾಣಿಸಿಕೊಂಡರು. ರಸ್ತೆ ಅಗಲವಾಗುತ್ತದಂತೆ. ಉಮಾದೇವಿಯ ಹೊಲದ ಬದುವಿನಲ್ಲಿ ಕೆಂಪು ಬಣ್ಣದ ಗೂಟ ನೆಟ್ಟಿದ್ದಾರೆ. ಪಕ್ಕದ ಹೊಲಕ್ಕೆ ಆಗಲೇ ಗಿರಾಕಿ ಬಂದು ಹೋಗಿದ್ದಾನೆ. ನಾನು ಸ್ಕೂಟರ್ ಓಡಿಸಿಕೊಂಡು ಹೋಗಿ ಏದುಸಿರು ಬಿಡುತ್ತ ಖಣಿ ಇಳಿದೆ. ಶಿವಕಾಂತಮ್ಮ ಹಿಟ್ಟು ನಾದುತ್ತಿದ್ದಳು, ಬಿಬಿಜಾನ್ ಒಲೆ ಊದುತ್ತಿದ್ದಳು. ಗೂಟದ ಸುದ್ದಿ ಹೇಳಿದೆ. ಇದನ್ನೂ ಮುಚ್ಚುತ್ತಾರೆ ಎಂದೆ.

ಅವಳು ಹಿಟ್ಟಿನ ಕೈಯನ್ನು ಹಣೆಗೆ ಅಡ್ಡ ಹಿಡಿದು ಮೇಲಿನ ಅಂಚನ್ನು ಒಮ್ಮೆ ನೋಡಿದಳು.

"ಕುಂದ್ರಿ ಮಾಸ್ತರ, ಹಸಿವಾಗಿದ್ರ ಉಣ್ರಿ" ಎಂದಳು. "ನಮ್ಮ ಸೀಮ್ಯಾಗ ಖಣಿಗೇನು ಬರ ಬಂದದೇನ್ರಿ? ಅವರು ಮುಚ್ಚಕೋತ ಬರ್ಲಿ. ನಾ ಮುಂದಿನ ಖಣ್ಯಾಗ ಒಲಿ ಹಚ್ಚಿ, ಅವರ ಸಲುವಾಗೂ ಎರಡು ರೊಟ್ಟಿ ಬಡದಿಟ್ಟಿರ್ತೀನಿ. ಮುಚ್ಚಿ ಮುಚ್ಚಿ ಅವರಿಗೇ ಹಸಿವಾಗ್ತದ."